ಉಪ್ಪಿನಾಗರದ ಗಣಪಿಯೂ ಅರಸನ ಮೂರು ಒಗಟೂ

“ಕೇಳಿರಪ್ಪೋ ಕೇಳಿ, ಅಳಿವೆಕೋಟೆಯ ಬೀರರಸರ ಅಪ್ಪಣೆ. ಆಗರದ ಒಡೆಯರು ಕೂಲಿ ಇಳಿಸಿದರೆಂದು ಕೂಲಿಯವರು ಉಪ್ಪು ಎಳೆಯುವುದನ್ನು ಬಿಟ್ಟು ಹದಿನೆಂಟು ದಿನವಾಯಿತು. ತಲೆ ಪಣಕ್ಕಿಡದೆ ಬಾಯಿ ಬಿಡುವವರ ಮಾತು ಕೇಳಿ ಅರಸರಿಗೆ ಸಾಕಾಗಿದೆ. ನಾಳೆ ಅವರು ಮೂರು ಒಗಟು ಹೇಳುವರು. ಮೂರನ್ನೂ ಬಿಡಿಸಿದವರ ಮಾತಿನಂತೆ ಕೂಲಿ ತೀರ್ಮಾನವಾಗುವುದು, ಆಗರಗಳ ಮೇಲ್ವಿಚಾರಣೆಯೂ ಅವರದೇ. ಒಂದು ತಪ್ಪಿದರೂ ತಲೆ ಹೋಗುವುದು.”

ಡಂಗುರದವನು ಹೀಗೆ ಸಾರಿ ಹೋದಾಗ ಗಣಪಿ ಗುಡಿಸಲ ಮುಂದೆ ಕೆಸುವಿನ ಸೊಪ್ಪು ಸೋಸುತ್ತ ಕುಳಿತಿದ್ದಳು. ಮನೆಯಲ್ಲಿ ಅಕ್ಕಿ ಮುಗಿದು ಎರಡು ದಿನವಾಗಿತ್ತು. ಇಪ್ಪತ್ತು ವರ್ಷದ ಅವಳು ಅರ್ಧ ಆಯಸ್ಸು ಉಪ್ಪಿನ ಬುಟ್ಟಿ ಹೊತ್ತೇ ಕಳೆದಿದ್ದಳು. ಅಂಗಾಲಿನ ಬಿರುಕುಗಳಲ್ಲಿ ಉಪ್ಪು ಕೂತು ಗಾಯ ಮಾಯುತ್ತಲೇ ಇರಲಿಲ್ಲ. ದಿನಕ್ಕೆ ಒಂದು ಸೇರು ಅಕ್ಕಿ ಕೊಡುತ್ತಿದ್ದ ಒಡೆಯ ಪದ್ಮಪ್ಪ ಅದನ್ನು ಅರ್ಧ ಸೇರಿಗೆ ಇಳಿಸಿದ್ದ.

“ನಾ ಹೋಗ್ತೆ ಅವ್ವೆ,” ಎಂದಳು.

“ಅರ್ಧ ಸೇರಾದ್ರೂ ನಾಳೆ ಬಂದೀತು, ಹೋದ ತಲೆ ಬರ್ತದ್ಯನೆ?” ತಾಯಿ ಸೊಪ್ಪನ್ನು ಬದಿಗೆ ಸರಿಸಿದಳು.

“ಹದಿನೆಂಟು ದಿನ ಎಲ್ಲರಿಗೂ ತಡೀರಿ, ತಡೀರಿ ಅಂದವಳು ನಾನೇ. ಈಗ ನಾನೇ ಮನೇಲಿ ಅಡಗಿ ಕೂತ್ರೆ ಹೆಂಗೆ?”

ಮರುದಿನ ಅರಮನೆಯ ಚಾವಡಿ ಕಿಕ್ಕಿರಿದಿತ್ತು. ಸಿಂಹಾಸನದ ಪಕ್ಕದಲ್ಲಿ ನೀರಿನ ಕೊಪ್ಪರಿಗೆ, ಅದರ ಮೇಲೆ ತೂತಿನ ತಾಮ್ರದ ಬಟ್ಟಲು ತೇಲುತ್ತಿತ್ತು. ಬಟ್ಟಲು ಮುಳುಗುವುದರೊಳಗೆ ಉತ್ತರ ಹೇಳಬೇಕು.

ಅರಸ ಮೊದಲ ಒಗಟು ಹೇಳಿದ. “ಬೆಳಿಗ್ಗೆ ಹುಟ್ಟಿ ಸಂಜೆಗೆ ಸಾಯುವುದು. ಮಾರಿದರೆ, ಕೊಂಡವನು ನಾಳೆಗೆ ಎತ್ತಿಡಲಾರ. ಮಾರದೆ ಹೋದರೆ, ಮಾರುವವನೂ ಎತ್ತಿಡಲಾರ. ಏನದು?”

ಪದ್ಮಪ್ಪನ ತಮ್ಮ ಚಂದಯ್ಯ ಮುಂದೆ ಬಂದ. ಮೇಲ್ವಿಚಾರಣೆ ತನ್ನ ಮನೆಗೇ ಬರಲಿ ಎಂಬ ಆಸೆ ಅವನದು. “ಮೀನು, ಸ್ವಾಮಿ.”

“ಒಣಗಿಸಿದರೆ ಮಳೆಗಾಲವಿಡೀ ಇರುತ್ತದೆ,” ಎಂದ ಅರಸ. ಕಾವಲಿನವರು ಚಂದಯ್ಯನ ತೋಳು ಹಿಡಿದರು. ಪದ್ಮಪ್ಪ ಒಂದು ಹೆಜ್ಜೆ ಮುಂದಿಟ್ಟವನು ಹಿಂದೆ ಸರಿದು ಕುಳಿತ.

ಆಸ್ಥಾನದ ವಿಶ್ವಂಭರ ಪಂಡಿತರು “ಹೂವು” ಎಂದರು. “ಅತ್ತರು ಮಾಡಿದರೆ ಹೂವು ಸೀಸೆಯಲ್ಲಿ ಬದುಕುತ್ತದೆ,” ಎಂದ ಅರಸ. ಸಂಜೆ ಇಬ್ಬರ ತಲೆಯನ್ನೂ ಕಡಿಯಬೇಕೆಂದು ಅಪ್ಪಣೆಯಾಯಿತು. ಸಾಲಿನಲ್ಲಿ ನಿಂತಿದ್ದ ಉಳಿದವರು ಹಿಂಬಾಗಿಲಿನಿಂದ ಜಾರಿಕೊಂಡರು.

ಆಗ ಗಣಪಿ ಕುಂಟುತ್ತ ಮುಂದೆ ಬಂದಳು. ಯಾರೋ ನಕ್ಕರು. ಅರಸ ನಗಲಿಲ್ಲ.

“ಒಂದು ದಿನದ ದುಡಿಮೆ, ಸ್ವಾಮಿ,” ಎಂದಳು. “ಉಪ್ಪನ್ನಾದರೆ ಒಡೆಯರು ಬೆಲೆ ಏರುವವರೆಗೆ ಉಗ್ರಾಣದಲ್ಲಿ ಇಟ್ಟುಕೊಳ್ತಾರೆ. ಇವತ್ತಿನ ನನ್ನ ರಟ್ಟೆಯನ್ನು ನಾನು ಎಲ್ಲಿ ಇಡಲಿ? ಸಂಜೆಯಾದರೆ ಹೋಯ್ತು.”

ಅರಸ ತಲೆಯಾಡಿಸಿ ಬಟ್ಟಲನ್ನು ಮತ್ತೆ ತೇಲಿಬಿಟ್ಟ. “ಒಂದು ಕಾಲಕ್ಕೆ ಬೆವರಾಗಿ ಹರಿದದ್ದು, ಈಗ ಮಲಗಿದೆ. ಮಲಗಿದ್ದೇ ದಿನವೂ ಪಾಲು ಕೇಳುತ್ತದೆ. ಪಾಲು ಕೊಡದಿದ್ದರೆ ದುಡಿಯುವವರೂ ಉಪವಾಸ ಬೀಳುತ್ತಾರೆ.”

ಮುದುಕ ಮಂತ್ರಿಯೊಬ್ಬ ಕನಿಕರದಿಂದ, “ಮುದಿ ಎತ್ತು ಅನ್ನು ಮಗಳೇ,” ಎಂದು ಪಿಸುಗುಟ್ಟಿದ. ಗಣಪಿಯ ನಾಲಿಗೆಯ ತುದಿಗೆ ಆ ಮಾತು ಬಂದೇಬಿಟ್ಟಿತ್ತು. ಆದರೆ ಮೇವು ಹಾಕದಿದ್ದರೆ ಸಾಯುವುದು ಎತ್ತು, ಊರಲ್ಲ. ಬಟ್ಟಲು ಅರ್ಧ ಮುಳುಗಿತ್ತು.

“ಆಗರದ ಕಟ್ಟೆ,” ಎಂದಳು. “ನಮ್ಮ ಅಜ್ಜಂದಿರು ಮಣ್ಣು ಹೊತ್ತು ಕಟ್ಟಿದ್ದು. ದಿನವೂ ಮಣ್ಣು ಮೆತ್ತದಿದ್ದರೆ ಸಮುದ್ರ ನುಗ್ಗಿ ಎಲ್ಲರ ಅನ್ನ ಹೋಗ್ತದೆ.”

ಪದ್ಮಪ್ಪ ಸುಮ್ಮನಿರಲಾರದೆ ಎದ್ದ. “ಆ ಕಟ್ಟೆಗೆ ಹಣ ಹಾಕಿದ್ದು ನಮ್ಮ ಮನೆತನ, ಸ್ವಾಮಿ. ಬಂಡವಾಳ ಇಲ್ಲದಿದ್ದರೆ ಇವರ ಕೈಗೆ ಕೆಲಸವೆಲ್ಲಿತ್ತು?”

“ಅದು ಸುಳ್ಳಲ್ಲ,” ಎಂದಳು ಗಣಪಿ. “ಕಟ್ಟೆಯ ಪಾಲು ಬೇಡ ಅಂತ ನಾನೆಲ್ಲಿ ಅಂದೆ?”

“ಮತ್ತೇನು? ನಾನು ಯಾರನ್ನೂ ಹೆಡೆಮುರಿ ಕಟ್ಟಿ ತರಲಿಲ್ಲ. ಕೂಲಿ ಇಳಿಸಿದ ಮೇಲೂ ಒಂದು ವಾರ ಅರ್ಧ ಸೇರಿಗೆ ಒಪ್ಪಿಯೇ ಕೆಲಸಕ್ಕೆ ಇಳಿದಿದ್ದರು, ಬಿಟ್ಟದ್ದು ಆಮೇಲೆ.”

“ಕುಳಿತುಕೋ ಪದ್ಮಪ್ಪ, ಕಟ್ಟೆಯೆಂಬ ಉತ್ತರ ಸರಿ,” ಎಂದು ಅರಸ ಬಟ್ಟಲನ್ನು ಮತ್ತೆ ತೇಲಿಬಿಟ್ಟ. “ನನ್ನ ಮೂರನೆಯ ಒಗಟು ಅದೇ. ಕೊಡುವವನಿಗೆ ಕಡಿಮೆಯೆಂದು ಗೊತ್ತು. ಪಡೆಯುವವನಿಗೂ ಗೊತ್ತು. ಇಬ್ಬರೂ ಒಪ್ಪಿದೆವು ಅನ್ನುತ್ತಾರೆ. ನಡುವೆ ನಿಂತು ಒಪ್ಪಿಸಿದ ಮೂರನೆಯವನು ಯಾರು?”

ಗಣಪಿಯ ಮನಸ್ಸಿಗೆ ಮೊದಲು ಬಂದದ್ದು ಒಡೆಯರ ಪರವಾಗಿ ಕೂಲಿಯವರನ್ನು ಕರೆತರುವ ಮೇಸ್ತ್ರಿಯ ಮುಖ. ಆಮೇಲೆ ಅರಸನೇ ಇರಬಹುದೇ ಎನಿಸಿತು. ಅಂಥ ಉತ್ತರ ಹೇಳಿದರೂ ತಲೆ ಉಳಿಯುವುದು ಅನುಮಾನ. ಬಟ್ಟಲಿನ ಅಂಚಿಗೆ ನೀರು ಬಂದಿತ್ತು. ಅಷ್ಟರಲ್ಲಿ ಅರಮನೆಯ ಅಡುಗೆಮನೆಯಿಂದ ಅನ್ನ ಬಸಿಯುವ ವಾಸನೆ ತೇಲಿ ಬಂತು. ಅವಳು ನಿಂತಲ್ಲೇ ಕುಸಿದಳು, ಕಣ್ಣು ಕತ್ತಲೆಯಾಯಿತು. ಈ ಗಳಿಗೆಯಲ್ಲಿ ಯಾರಾದರೂ ಒಂದು ಹಿಡಿ ಅನ್ನ ಮುಂದಿಟ್ಟು ಏನು ಕೇಳಿದರೂ ಹೂಂ ಎಂದುಬಿಡುತ್ತೇನೆ ಎಂದು ಅವಳಿಗೇ ಹೆದರಿಕೆಯಾಯಿತು.

ನೆಲಕ್ಕೆ ಕೈಯೂರಿ, “ಹಸಿವು,” ಎಂದಳು. “ಒಪ್ಪಿಸಿದವನು ಹಸಿವು, ಸ್ವಾಮಿ.”

ಬಟ್ಟಲು ಗುಳುಕ್ಕೆಂದು ಮುಳುಗಿತು. ಅರಸ ಎದ್ದು ಬಂದು, ತಾನೇ ಅವಳನ್ನು ಹಿಡಿದೆತ್ತಿ ಕೂರಿಸಿದ.

“ಮೂರೂ ಸರಿ. ಮೇಲ್ವಿಚಾರಣೆ ನಿನ್ನದು. ಕೂಲಿ ಎಷ್ಟೆಂದು ಹೇಳು, ಈಗಲೇ ಬರೆಸುತ್ತೇನೆ.”

ಗಣಪಿ ಕೈಮುಗಿದಳು. “ಮೊದಲು ಆ ಇಬ್ಬರ ತಲೆ ಬಿಟ್ಟುಬಿಡಿ. ಉಪ್ಪಿನಲ್ಲಿ ಕಟ್ಟೆಯ ಪಾಲು ಮೊದಲೇ ತೆಗೆದಿಡಲಿ. ಕೂಲಿ ಎಷ್ಟೆಂದು ನಾನೊಬ್ಬಳೇ ಹೇಳುವುದಿಲ್ಲ. ಅರಮನೆಯ ಕಣಜದಿಂದ ಆಗರದ ಪ್ರತಿ ಮನೆಗೂ ಒಂದು ತಿಂಗಳ ಅಕ್ಕಿ ಹೋಗಲಿ. ಉಂಡಾದ ಮೇಲೆ ಒಡೆಯರು ಬಂದು ನಮ್ಮನ್ನು ಕೇಳಲಿ. ಆಗ ಒಪ್ಪಿದರೆ ಅದು ಒಪ್ಪಿಗೆ.”

ಹಾಗೇ ನಡೆಯಿತು. ಅಕ್ಕಿ ಹಂಚಿದ ಮೊದಲ ದಿನ ಪದ್ಮಪ್ಪ ಆಗರದ ದಂಡೆಗೆ ಬಂದು ಕೊಡೆಯ ಕೆಳಗೆ ನಿಂತು, “ಮುಕ್ಕಾಲು ಸೇರು,” ಎಂದು ಕೂಗಿದ. ಉಂಡು ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದವರಲ್ಲಿ ಒಬ್ಬರೂ ಏಳಲಿಲ್ಲ. ಎರಡನೆಯ ದಿನ, “ಒಂದು ಸೇರು,” ಎಂದ. ಆಗಲೂ ಯಾರೂ ಏಳಲಿಲ್ಲ. ಮೂರನೆಯ ದಿನ ಪಡುವಣದಲ್ಲಿ ಮೋಡ ಕಟ್ಟಿತು. ಮಳೆ ಬಿದ್ದರೆ ಎಳೆಯದೆ ಉಳಿದ ಉಪ್ಪೆಲ್ಲ ಕರಗಿಹೋಗುವುದು. ಪದ್ಮಪ್ಪ ಕೊಡೆ ಮಡಚಿ, ಪಂಚೆ ಎತ್ತಿ ಕಟ್ಟಿ, ಅವರ ನಡುವೆ ಬರೀ ನೆಲದ ಮೇಲೆ ಬಂದು ಕುಳಿತ.

“ನೀವೇ ಹೇಳಿ,” ಎಂದ. “ಎಷ್ಟಾದರೆ ಬರುತ್ತೀರಿ?”

ಹಾಗೆ ಅವನು ಕೇಳಿದ್ದು ಅದೇ ಮೊದಲು. ಗಣಪಿ ಎಲ್ಲರ ಮುಖ ನೋಡಿ, ಅವನಿಗೂ ಒಂದು ಎಲೆ ಮಡಚಿ ಕೊಟ್ಟು, ಮಾತಿಗೆ ಕುಳಿತಳು.