ಶಾಪದ ನಂತರದ ವಚನ

ಹೊಳೆಯ ದಂಡೆಯಲ್ಲಿ ಪೇಣಕರ್ ಮಾಸ್ತರರ ಮನೆ. ಹುಟ್ಟಿದ್ದು ಮೇಲಿನ ಕೊಂಕಣದ ಯೆಹೂದಿ ಕುಟುಂಬದಲ್ಲಿ, ಮೂವತ್ತು ವರ್ಷದಿಂದ ಇರುವುದು ಈ ದಂಡೆಯಲ್ಲಿ. ಕೇಳಿಕೊಂಡು ಬಂದವರಿಗೆ ಹೀಬ್ರೂ ಶಾಸ್ತ್ರ ಓದಿಸುತ್ತಾರೆ. ಬಂದವರಲ್ಲಿ ಹೆಚ್ಚಿನವರು ವಾರದೊಳಗೆ ಕಾಲು ಕೀಳುತ್ತಾರೆ.

ಸುಗುಣಾ ಜತ್ತನ್ನ ಕಾಲು ಕೀಳಲಿಲ್ಲ. ಪಾದ್ರಿಯ ಮಗಳು, ದೇವತಾಶಾಸ್ತ್ರ ಓದಿದವಳು, ಹಠದವಳು. ಎಂಟು ತಿಂಗಳಲ್ಲಿ ಪ್ರವಾದಿಗಳ ಗ್ರಂಥಗಳನ್ನೆಲ್ಲ ಹೀಬ್ರೂ ಮೂಲದಲ್ಲೇ ಓದಿ ಮುಗಿಸಿದ್ದಳು. ಅದು ಸ್ವಲ್ಪ ತಲೆಗೂ ಏರಿತ್ತು.

ಆವತ್ತು ಸಂಜೆ ಐದಕ್ಕೆ ಅವಳು ಓಡಿ ಬಂದಾಗ ಮಾಸ್ತರರು ಜಗಲಿಯಲ್ಲಿ ಕೂತು ಕಾಯಿ ತುರಿಯುತ್ತಿದ್ದರು. ಅವಳ ಒಂದು ಚಪ್ಪಲಿ ಅಂಗಳದಲ್ಲೇ ಉಳಿದಿತ್ತು.

“ಎಂತ ಆಯ್ತು ಮಾರಾಯ್ತಿ?”

“ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಮಾಸ್ತರೇ. ನಾಳೆ ಬೆಳಿಗ್ಗೆ ಹೃದಯದ ಆಪರೇಷನ್. ಅಣ್ಣ ಈಗ ಫೋನ್ ಮಾಡಿದ. ಇವತ್ತು ಆರು ಗಂಟೆಗೇ ಒಳಗೆ ಕರ್ಕೊಂಡು ಹೋಗ್ತಾರಂತೆ. ಆಮೇಲೆ ಮಾತಾಡ್ಲಿಕ್ಕೆ ಬಿಡುದಿಲ್ಲ. ಈಗ ಬಸ್ಸು ಹಿಡಿದ್ರೂ ನಾನು ಮುಟ್ಟುದು ನಾಳೆ ಹತ್ತಕ್ಕೆ.”

“ಹಾಗಾದ್ರೆ ಇಲ್ಲಿಗೆ ಯಾಕೆ ಬಂದೆ? ಅವರಿಗೆ ಫೋನ್ ಮಾಡು.”

“ಆಗುದಿಲ್ಲ.”

“ಯಾಕೆ?”

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಹೇಳಲು ನಾಚಿಕೆಯಾಯಿತು, ಆದರೆ ನಾಚಿಕೆಗೆ ಸಮಯ ಇರಲಿಲ್ಲ.

ಅಪ್ಪ ನಲವತ್ತು ವರ್ಷ ಸಭಾಪಾಲಕರು. ಚರ್ಚಿನಲ್ಲಿ ಅವರು ಹೇಳುವ ಮೆಚ್ಚಿನ ಪ್ರಸಂಗವೊಂದು ಉಂಟು. ಬೈಬಲಿನ ಹಳೆ ಒಡಂಬಡಿಕೆ ಮುಗಿಯುವುದು ಪ್ರವಾದಿ ಮಲಾಕಿಯ ಮಾತಿನಿಂದ, ಆ ಮಾತು ಶಾಪ. ಪುಟ ತಿರುಗಿಸಿದರೆ ಹೊಸ ಒಡಂಬಡಿಕೆ, ಯೇಸುವಿನ ಜನನ. ಶಾಪದ ಮುಂದಿನ ಪುಟದಲ್ಲೇ ಕೃಪೆ! ಪ್ರತಿ ಕ್ರಿಸ್‌ಮಸ್ಸಿಗೂ ಅವರು ಆ ಪುಟವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ತಿರುಗಿಸುವರು. ಜನ ಕಣ್ಣೊರೆಸಿಕೊಳ್ಳುವರು.

“ನಾನು ಫೋನಿನಲ್ಲಿ, ಯೆಹೂದಿಗಳು ಪುಸ್ತಕಗಳನ್ನಿಟ್ಟ ಕ್ರಮದಲ್ಲಿ ಮಲಾಕಿ ಕೊನೆಯಲ್ಲೇ ಇಲ್ಲ, ಅವನ ನಂತರ ಕೀರ್ತನೆಗಳುಂಟು, ಯೋಬ ಇದ್ದಾನೆ, ಪೂರ್ವಕಾಲದ ವೃತ್ತಾಂತ ಉಂಟು ಅಂದೆ. ‘ನಲವತ್ತು ವರ್ಷ ನೀವು ಬೈಂಡ್ ಮಾಡಿದವನ ಕೆಲಸವನ್ನು ದೇವರ ವಾಕ್ಯ ಅಂತ ಸಾರಿದ್ರಿ ಅಪ್ಪಾ’ ಅಂದೆ.”

ಮಾಸ್ತರರ ಕೈ ನಿಂತಿತು. “ಆ ಕ್ರಮ ನಿನಗೆ ಕಲಿಸಿದ್ದು ನಾನು.”

“ಕ್ರಮ ನಿಮ್ಮದು. ಬೈಂಡಿನ ಮಾತು ನನ್ನದೇ.”

“ಅವರು ಎಂತ ಹೇಳಿದ್ರು?”

“ಫೋನ್ ಇಟ್ಟರು. ಮೂರು ವಾರ ಆಯ್ತು.”

ಆ ಮಾತನ್ನೇ ಕಿವಿಯಲ್ಲಿಟ್ಟುಕೊಂಡು ಅಪ್ಪ ಹೋಗಿಬಿಟ್ಟರೆ?

“ಮಾಸ್ತರೇ, ನೀವೇ ಹೇಳಿ. ಯಾರ ಕ್ರಮ ಸರಿ? ಅಪ್ಪನದು ಸರಿಯಾದ್ರೆ ಕಾಲಿಗೆ ಬೀಳ್ತೇನೆ. ನಿಮ್ಮದು ಸರಿಯಾದ್ರೆ ನಾನು ಹೇಳಿದ್ದು ಸತ್ಯ. ಸತ್ಯ ಹೇಳಿದ್ದಕ್ಕೆ ಕ್ಷಮೆ ಕೇಳುದು ಹೇಗೆ? ಬೇಗ ಹೇಳಿ!”

ಅಪ್ಪ ಆಸ್ಪತ್ರೆಯಲ್ಲಿರುವಾಗ ಪುಸ್ತಕದ ಕ್ರಮ ಕೇಳಬೇಕಾದರೆ ತುಂಬಾ ಓದಿರಬೇಕು.

ಮಾಸ್ತರರು ಎದ್ದು ಕೈ ತೊಳೆದರು. ಒಳಗಿನಿಂದ ಗ್ರಂಥ ತಂದು ಅವಳ ಮುಂದೆ ಬಿಚ್ಚಿದರು.

“ಮಲಾಕಿಯ ಕೊನೆ ಓದು. ಜೋರಾಗಿ.”

“ಈಗಲಾ? ಐದೂಕಾಲಾಯ್ತು!”

“ಓದು.”

ಓದಿದಳು. ಎಲೀಯ ಪ್ರವಾದಿಯನ್ನು ಕಳಿಸುತ್ತೇನೆ ಎನ್ನುತ್ತಾನೆ ದೇವರು. ಎಲೀಯ ಬಂದು ತಂದೆಯರ ಮನಸ್ಸನ್ನು ಮಕ್ಕಳ ಕಡೆಗೂ, ಮಕ್ಕಳ ಮನಸ್ಸನ್ನು ತಂದೆಯರ ಕಡೆಗೂ ತಿರುಗಿಸಬೇಕು. ಇಲ್ಲವಾದರೆ ದೇವರೇ ಬಂದು ನೆಲಕ್ಕೆ ಶಾಪ ಕೊಡುವನು. ಎಷ್ಟೋ ಸಲ ಓದಿದ ಸಾಲು, ಈ ಸಲ ತಂದೆಯರು ಎಂಬ ಪದದಲ್ಲಿ ಎಡವಿದಳು. ಕೊನೆಯ ಪದಕ್ಕೆ ನಿಲ್ಲಿಸಿದಳು.

“ಮುಂದೆ?” ಎಂದರು ಮಾಸ್ತರರು.

“ಮುಂದೆ ಇಲ್ಲ. ಮುಗೀತು.”

“ನಮ್ಮ ಪ್ರಾರ್ಥನಾಮಂದಿರದಲ್ಲಿ ಅಲ್ಲಿಗೆ ಮುಗಿಸುದಿಲ್ಲ. ಶಾಪ ಕೇಳಿಸಿ ಜನರನ್ನು ಮನೆಗೆ ಕಳಿಸಬಾರದು ಅಂತ ಕಟ್ಟಳೆ. ಓದುವವನು ಹಿಂದೆ ಹೋಗ್ತಾನೆ. ಎಲೀಯನನ್ನು ಕಳಿಸ್ತೇನೆ ಅನ್ನುವ ವಚನವನ್ನು ಇನ್ನೊಮ್ಮೆ ಓದಿ, ಆಮೇಲೆ ಗ್ರಂಥ ಮುಚ್ಚುತ್ತಾನೆ.”

“ಬರೆದದ್ದು ಹಾಗಿಲ್ಲವಲ್ಲ.”

“ಇಲ್ಲ. ಬರೆದದ್ದನ್ನು ಅಳಿಸ್ಲಿಕ್ಕೂ ಆಗುದಿಲ್ಲ. ಶಾಪವನ್ನೂ ಓದ್ತೇವೆ. ಅಲ್ಲಿ ನಿಲ್ಲುದಿಲ್ಲ, ಅಷ್ಟೆ.”

ಅವಳು ತಲೆಯೆತ್ತಿದಳು. “ಹಾಗಾದ್ರೆ ಅಪ್ಪ ಪುಟ ತಿರುಗಿಸುದೂ...”

“ನಿನ್ನ ಅಪ್ಪ ಮುಂದಿನ ಪುಟಕ್ಕೆ ಹೋಗ್ತಾರೆ. ನಾವು ಹಿಂದಿನ ವಚನಕ್ಕೆ ಹೋಗ್ತೇವೆ. ನಮ್ಮ ಜಗಳ ಎರಡು ಸಾವಿರ ವರ್ಷದ್ದು, ಆರು ಗಂಟೆಯೊಳಗೆ ನೀನು ಮುಗಿಸುವಂಥದ್ದಲ್ಲ. ಆದ್ರೆ ಶಾಪದ ಮಾತಿನ ಮೇಲೆಯೇ ಮೂರು ವಾರ ಕೂತವರು ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ. ನೀನೊಬ್ಬಳೇ.”

ಸುಗುಣಾ ಫೋನ್ ತೆಗೆದಳು. ಅಣ್ಣನ ಹೆಸರಿನ ತನಕ ಹೋದ ಬೆರಳು ಅಲ್ಲೇ ನಿಂತಿತು. ಫೋನನ್ನು ಮೆಟ್ಟಿಲ ಮೇಲೆ ಇಟ್ಟುಬಿಟ್ಟಳು.

“ಎಂತ ಹೇಳ್ಲಿ? ನನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ. ಸತ್ಯ ಹೇಳಿದ್ರೆ ಅವರ ಎದೆ ಒಡೀತದೆ.”

“ಆ ಬೈಂಡಿನ ಮಾತಿಗಿಂತ ಮುಂಚೆ ಅವರು ಎಂತ ಹೇಳಿದ್ರು?”

“ಮುಂಚೆಯಾ? ವಿಶೇಷ ಏನಿಲ್ಲ. ನನಗೆ ಆಗ ಕೆಮ್ಮು ಇತ್ತು. ಕಡಿಮೆ ಆಯ್ತಾ ಮಗಾ, ಬಿಸಿನೀರು ಕುಡೀತಿದ್ದೀಯಾ ಅಂತ ಕೇಳಿದ್ರು.”

“ನೀನೆಂತ ಹೇಳಿದೆ?”

“ನಾನು...” ಅವಳು ಮೆಟ್ಟಿಲ ಮೇಲಿನ ಫೋನ್ ನೋಡಿದಳು. “ನಾನು ಮಲಾಕಿಯ ವಿಷಯ ಶುರು ಮಾಡಿದೆ.”

ಮಾಸ್ತರರು ಬಗ್ಗಿ ಫೋನನ್ನು ಎತ್ತಿ ಅವಳ ಕೈಗಿಟ್ಟರು.

“ಮೊದಲು ಕೆಮ್ಮಿನದು ಹೇಳು. ಮೂರು ವಾರದಿಂದ ಕಾಯ್ತಾ ಇದ್ದಾರೆ.”