ಗೌರಿ ಹೂವಿನ ಗೆಡ್ಡೆಯ ಒಂದೇ ಮಾತು

ಗೌರಿ ಹಬ್ಬಕ್ಕೆ ಕೆಂಪು ಹೂವಾಗಲಿ ಎಂದು ಸಾಕವ್ವ ಹಿತ್ತಲಿನ ಗೆಣಸಿನ ಸಾಲಿನ ಪಕ್ಕ ಗೌರಿ ಹೂವಿನ ಗೆಡ್ಡೆಯೊಂದನ್ನು ನೆಟ್ಟಿದ್ದಳು. ಆ ಗೆಡ್ಡೆಯ ಮೈಯೆಲ್ಲ ವಿಷ. ಅದನ್ನು ಅದು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಮಳೆ ಹಿಡಿದು ಮೊಳಕೆ ಮೂಡುವ ಹೊತ್ತಿಗೆ ಹೆಗ್ಗಣವೊಂದು ಮಣ್ಣು ತೋಡುತ್ತ ಅದರ ಬಳಿಗೇ ಬಂತು.

"ಮುಟ್ಟಬೇಡಪ್ಪ, ನಾನು ವಿಷ. ತಿಂದರೆ ಸಾಯುತ್ತೀಯ" ಎಂದಿತು ಗೆಡ್ಡೆ.

ಹೆಗ್ಗಣ ನಕ್ಕಿತು. "ಪಕ್ಕದ ಗೆಣಸೂ ಹೀಗೇ ಹೇಳಿತ್ತು. ನಂಬಿ ಮೂರು ದಿನ ಉಪವಾಸ ಬಿದ್ದೆ. ಕೊನೆಗೆ ಹಸಿವು ತಾಳಲಾರದೆ ಕಚ್ಚಿದರೆ, ಎಂಥ ಸಿಹಿ!"

"ಅದು ತನ್ನ ಜೀವ ಉಳಿಸಿಕೊಳ್ಳಲು ಹೇಳಿತು. ನಾನು ನಿನ್ನ ಜೀವ ಉಳಿಯಲೆಂದು ಹೇಳುತ್ತಿದ್ದೇನೆ."

"ಗೆಣಸಿಗಿಂತ ಚೆನ್ನಾಗಿ ಮಾತಾಡುತ್ತೀಯ. ಹಾಗಾದರೆ ರುಚಿಯೂ ಹೆಚ್ಚಿರಬೇಕು" ಎಂದು ಹೆಗ್ಗಣ ಮೊಳಕೆಯ ಸಮೇತ ಅರ್ಧ ಗೆಡ್ಡೆಯನ್ನು ತಿಂದುಬಿಟ್ಟಿತು.

ಸ್ವಲ್ಪ ಹೊತ್ತಿಗೇ ಅದು ಹೊರಳಾಡುತ್ತ, "ನಂಬುವ ಹಾಗೆ ಬೇರೇನಾದರೂ ಹೇಳಬಾರದಿತ್ತೇ?" ಎಂದು ನರಳಿತು.

"ನಿಜ ಹೇಳಲು ನನಗಿದ್ದದ್ದು ಅದೊಂದೇ ಮಾತು. ಅದನ್ನು ಗೆಣಸು ಮೊದಲೇ ಎಂಜಲು ಮಾಡಿಟ್ಟಿತ್ತು" ಎಂದಿತು ಉಳಿದ ತುಂಡು, ಕೊಳೆಯತೊಡಗುತ್ತ.

ಆ ವರ್ಷ ಸಾಕವ್ವನ ಗೌರಿಗೆ ಹೂವಿರಲಿಲ್ಲ. ಸಾಲಿನ ಎಳೆ ಗೆಣಸುಗಳು ಮಾತ್ರ, ಮಣ್ಣು ಕದಲಿದಾಗಲೆಲ್ಲ, "ನಾವು ವಿಷ, ನಾವು ವಿಷ" ಎನ್ನುವುದನ್ನು ಬಿಟ್ಟಿರಲಿಲ್ಲ.