ಉರುಳುಮಣೆಗೆ ಕಡಜದ ಕಾವಲು

ಹೊನ್ನೆಗುಡ್ಡದ ಬುಡದಲ್ಲಿ ಜಾಲಿಮಡು ಎಂಬ ಪುಟ್ಟ ಮಡು ಇತ್ತು. ಅದರ ದಂಡೆಯಲ್ಲಿ ಒಂದು ಹಳೆಯ ಮತ್ತಿಮರ. ಆ ಮರದಲ್ಲಿ ಕೆಂಚಪ್ಪನೆಂಬ ಮರಕುಟಿಗ ವಾಸವಾಗಿದ್ದ. ಮಕ್ಕಳೇ, ಆಟದ ಕತೆ ಕೇಳೋಣವೆಂದು ಕುಳಿತಿದ್ದರೆ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಆಟ ಸ್ವಲ್ಪವೇ ಇದೆ. ಆದರೂ ಪೂರ್ತಿ ಕೇಳಿ.

ಕೆಂಚಪ್ಪನ ಕೊಕ್ಕು ಬಲು ಚುರುಕು. ಬೇರೆ ಮರಕುಟಿಗಗಳು ಹುಳುವಿಗಾಗಿ ಮಾತ್ರ ಮರ ಕುಟ್ಟುತ್ತವೆ. ಇವನು ಊಟ ಬಿಟ್ಟಾದರೂ ಆಟದ ಮಣೆ ಕೊರೆಯುತ್ತ ಕೂರುವವನು. ಮಣೆ ಬೇಕಾದವರು ಅವನಿಗೆ ಗೆದ್ದಲುಹುಳು ತಂದು ಕೊಡುವುದು ಆ ಕಾಡಿನ ವಾಡಿಕೆ.

ಈ ಸಲ ಅವನು ಮಳೆಗಾಲ, ಚಳಿಗಾಲ ಎರಡೂ ಕುಳಿತು ಹೊಸದೊಂದು ಮಣೆ ಮಾಡಿದ. ಅದಕ್ಕೆ ಉರುಳುಮಣೆ ಎಂದು ಹೆಸರಿಟ್ಟ. ಮಣೆಯ ತುಂಬ ಅಂಕುಡೊಂಕಿನ ಕಾಲುವೆಗಳು, ನಡುನಡುವೆ ಗುಳಿಗಳು. ಒಂದು ಗುಲಗಂಜಿಯನ್ನು ಈ ತುದಿಯಲ್ಲಿಟ್ಟು, ಮಣೆಯನ್ನು ಮೆಲ್ಲಗೆ ವಾಲಿಸುತ್ತ, ಗುಳಿಗೆ ಬೀಳದಂತೆ ಆ ತುದಿಗೆ ಮುಟ್ಟಿಸಬೇಕು. ಒಮ್ಮೆ ಆಡಿದವರಿಗೆ ಊಟ, ನಿದ್ದೆ ಬೇಡವಾಗುತ್ತಿತ್ತು.

ಆದರೆ ಕೆಂಚಪ್ಪನ ಮನಸ್ಸಿನಲ್ಲಿ ಒಂದು ಹಳೆಯ ನೋವಿತ್ತು. ಹಿಂದಿನ ವರ್ಷ ಅವನು ಮಾಡಿದ ಮಣೆಯನ್ನು ಕುಟ್ರಹಕ್ಕಿ ಒಮ್ಮೆ ನೋಡಿದ್ದೇ ತಡ, ಎರಡು ದಿನದಲ್ಲಿ ಅಂಥದ್ದೇ ಹತ್ತು ಮಣೆ ಕೊರೆದು ಕಾಡಿಗೆಲ್ಲ ಹಂಚಿಬಿಟ್ಟಿತ್ತು. ಕುಟ್ರಹಕ್ಕಿಗೂ ಮರ ಕೊರೆಯಲು ಬರುತ್ತದಲ್ಲ! ಕೆಂಚಪ್ಪನ ಹತ್ತಿರ ಯಾರೂ ಸುಳಿಯಲಿಲ್ಲ. ಬೇಟೆ ಬಿಟ್ಟು ಮಣೆ ಕೊರೆದವನು ಆ ಚಳಿಗಾಲವನ್ನು ಅರೆಹೊಟ್ಟೆಯಲ್ಲಿ ಕಳೆದ. ಅಂದಿನಿಂದ ಯಾರ ಮುಖ ನೋಡಿದರೂ ಅವನಿಗೆ ಕಳ್ಳರೇ ಕಾಣುತ್ತಿದ್ದರು.

ಒಂದು ಬೆಳಿಗ್ಗೆ ಅವನು ಮಡುವಿನ ಬಳಿ ಎಲ್ಲರನ್ನೂ ಕರೆದು ಹೇಳಿದ: “ಉರುಳುಮಣೆ ಸಿದ್ಧವಾಗಿದೆ. ಆದರೆ ಈ ಸಲ ಪ್ರತಿ ಮಣೆಯ ಜೊತೆ ಒಂದು ಕಡಜ ಬರುತ್ತದೆ. ಮಣೆಯ ಮೂಲೆಯಲ್ಲಿ ಅದಕ್ಕೊಂದು ತೂತು ಕೊರೆದಿದ್ದೇನೆ.”

“ಕಡಜ ಯಾಕಪ್ಪ? ಕಚ್ಚೋದಕ್ಕಾ?” ಎಂದಿತು ಕಪ್ಪೆ.

“ಕಾವಲಿಗೆ. ನೀವು ಆಡಲು ಕೂತಾಗೆಲ್ಲ ಅದು ಮೊದಲು ನಿಮ್ಮ ಮನೆಯೊಳಗೆ ಒಂದು ಸುತ್ತು ಹಾಕುತ್ತದೆ. ಬೇರೆ ಮಣೆ ಕೊರೆಯುತ್ತಿದ್ದೀರಾ ಎಂದು ನೋಡುತ್ತದೆ. ಆಮೇಲೆ ಹಾರಿ ಬಂದು ನನಗೆ ಹೇಳುತ್ತದೆ. ನಾನು ಮೂರು ಸಲ ಮರ ಕುಟ್ಟಿ ಅಪ್ಪಣೆ ಕೊಡುತ್ತೇನೆ. ಅದು ವಾಪಸ್ ಬಂದ ಮೇಲೆ ಆಟ. ಅಪ್ಪಣೆಯಿಲ್ಲದೆ ಮಣೆ ಮುಟ್ಟಿದರೆ ಕುಟುಕುತ್ತದೆ.”

ಮಡುವಿನ ಸುತ್ತ ಗದ್ದಲವೆದ್ದಿತು.

“ನನ್ನ ಗುಹೆಯಲ್ಲಿ ನಿನ್ನ ಕಡಜಕ್ಕೇನು ಕೆಲಸ?” ಎಂದು ಮುಳ್ಳುಹಂದಿ ಮುಳ್ಳು ಕೆದರಿಕೊಂಡು ಕೇಳಿತು. “ಹುಳು ಕೊಟ್ಟು ತಗೊಂಡ ಮೇಲೆ ಮಣೆ ನಂದಾ, ನಿಂದಾ?”

“ಕದಿಯದವರಿಗೆ ಹೆದರಿಕೆ ಯಾಕೆ?” ಎಂದ ಆಮೆಯಜ್ಜ. “ನೋಡಿಕೊಂಡು ಹೋಗಲಿ ಬಿಡಿ. ಪಾಪ, ಹೋದ ವರ್ಷ ಅವನು ಉಪವಾಸ ಬಿದ್ದಿದ್ದ. ಆಗ ನೀವ್ಯಾರಾದರೂ ಏನಪ್ಪ ಅಂತ ಕೇಳಿದ್ರಾ?”

“ನಿಮಗೇನಜ್ಜ, ಮನೆ ಬೆನ್ನ ಮೇಲೇ ಇದೆ. ತಲೆ ಒಳಗೆ ಎಳೆದುಕೊಂಡರೆ ಮುಗೀತು!” ಎಂದಿತು ಮುಳ್ಳುಹಂದಿ.

“ಮಳೆ ಬಂದರೆ ಕಡಜ ಹಾರಲ್ಲ. ಆಗೇನು ಮಾಡೋದು?” ಎಂದು ಕಪ್ಪೆ ಕೇಳಿತು.

“ಮಳೆ ಬಂದ ದಿನ ಆಟವಿಲ್ಲ,” ಎಂದ ಕೆಂಚಪ್ಪ.

“ನಾವು ಆಡೋದೇ ಮಳೆ ಬಂದಾಗ!” ಎಂದು ಕಪ್ಪೆ ನೀರಿಗೆ ಹಾರಿತು.

ಮುಳ್ಳುಹಂದಿ ನೆಲ ಗುದ್ದಿ ಹೇಳಿತು, “ಈ ಮಣೆಯನ್ನು ಯಾರೂ ತಗೊಳ್ಳಬಾರದು. ಕಡಜ ತೆಗೆಯುವ ತನಕ ಒಬ್ಬರೂ ತಗೊಳ್ಳಬಾರದು!” ಎಲ್ಲರೂ ಹೌದೆಂದು ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಮತ್ತಿಮರದ ಕೆಳಗೆ ಮಣೆಗಾಗಿ ಮೊದಲು ಬಂದು ನಿಂತದ್ದು ಅದೇ ಮುಳ್ಳುಹಂದಿ. ಆಟದ ಆಸೆ ಅಂಥದ್ದು, ನಗಬೇಡಿ, ನೀವಾಗಿದ್ದರೂ ಹಾಗೇ ಮಾಡುತ್ತಿದ್ದಿರಿ.

ಅದರ ಹಿಂದೆ ನಿಂತಿದ್ದವಳು ತೊಗರಕ್ಕ ಎಂಬ ಇಲಿ. ಅವಳಿಗೆ ಮೂರು ಮಕ್ಕಳು: ಜೀರಿಗೆ, ಸಾಸಿವೆ, ಎಲ್ಲರಿಗಿಂತ ಚಿಕ್ಕವಳು ಎಳ್ಳು. ಬೇಸಿಗೆಗೆ ಹುಲ್ಲೆಲ್ಲ ಒಣಗಿ ನೆಲ ಬಯಲಾಗಿತ್ತು. ಅಡಗಲು ಹುಲ್ಲಿಲ್ಲದ ಕಡೆ ಮಕ್ಕಳನ್ನು ಹೊರಗೆ ಬಿಡುವುದು ಹೇಗೆ? ಮಳೆ ಬಿದ್ದು ಹುಲ್ಲು ಬೆಳೆಯುವ ತನಕ ಮೂವರನ್ನೂ ಬಿಲದೊಳಗೆ ಗಲಾಟೆಯಿಲ್ಲದೆ ಕೂರಿಸಬೇಕಿತ್ತು. ಅದಕ್ಕೇ ಅವಳಿಗೆ ಉರುಳುಮಣೆ ಬೇಕಾಗಿತ್ತು.

ತೊಗರಕ್ಕನಿಗೆ ಒಂದು ಅಭ್ಯಾಸವಿತ್ತು. ಅವಳು ಎಂದೂ ನೇರವಾಗಿ ಮನೆಗೆ ಹೋದವಳಲ್ಲ. ಮೊದಲು ಬಂಡೆಯ ಕಡೆಗೆ ಓಡುವಳು, ಅಲ್ಲಿ ಸ್ವಲ್ಪ ನಿಂತು ಕವಳೆ ಪೊದೆಯನ್ನು ಸುತ್ತುವಳು, ಮತ್ತೆ ಹಿಂದಕ್ಕೆ ಬರುವಳು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಸರಕ್ಕನೆ ಬಿಲಕ್ಕೆ ನುಗ್ಗಿ ಬಾಯಿಗೆ ಮಣ್ಣು ಮುಚ್ಚುವಳು. ಹೊರಗಿನಿಂದ ನೋಡಿದರೆ ಬರೀ ನೆಲ. ಅವಳ ತಾಯಿ ಕಲಿಸಿದ ಈ ಉಪಾಯದಿಂದಲೇ ಕೇರೆಹಾವು ಎರಡು ವರ್ಷ ಹುಡುಕಿದರೂ ಅವಳ ಬಿಲ ಸಿಕ್ಕಿರಲಿಲ್ಲ.

ಹನ್ನೆರಡು ದಿನ ಎಲೆಯಲ್ಲಿ ಗೆದ್ದಲುಹುಳು ಹೊತ್ತು ತಂದು ಕೊಟ್ಟು ತೊಗರಕ್ಕ ಮಣೆಯನ್ನು ಮನೆಗೆ ಎಳೆದುಕೊಂಡು ಹೋದಳು. ಮಕ್ಕಳು ಕುಣಿದಾಡಿದರು. ಆಗ ಮೂಲೆಯ ತೂತಿನಿಂದ ಕಡಜ ಹೊರಗೆ ಬಂತು. ಮಲಗುವ ಹುಲ್ಲನ್ನು ಕೆದಕಿತು, ಕಾಳಿನ ರಾಶಿಯನ್ನು ಇಣುಕಿ ನೋಡಿತು, ಹಿಂಬಾಗಿಲಿನ ಸಣ್ಣ ಬಿಲವನ್ನೂ ಬಿಡಲಿಲ್ಲ.

“ಬಿಲದ ಬಾಯಿಗೆ ಮಣ್ಣು ಮುಚ್ಚಬಾರದು,” ಎಂದಿತು. “ನಾನು ಹೋಗಿಬರಲು ದಾರಿ ಬೇಕು.”

“ಅಯ್ಯೋ, ಬಾಗಿಲು ತೆರೆದಿಟ್ಟರೆ ನಮ್ಮ ಗತಿಯೇನು?”

“ಅದು ನನ್ನ ಕೆಲಸವಲ್ಲಮ್ಮ. ನಿನ್ನ ಮೇಲೆ ಅನುಮಾನ ಅಂತಲೂ ಅಲ್ಲ. ಎಲ್ಲರಿಗೂ ಇದೇ ನಿಯಮ.”

ಹೀಗೆಂದು ಅದು ಬಿಲದಿಂದ ಹೊರಟು ಮತ್ತಿಮರಕ್ಕೆ ನೆಟ್ಟಗೆ ಹಾರಿತು. ಅಷ್ಟೇ ನೆಟ್ಟಗೆ ವಾಪಸ್ ಬಂತು. ದಿನಕ್ಕೆ ನಾಲ್ಕು ಸಲ, ಐದು ಸಲ ಹೀಗೇ ನಡೆಯಿತು. ಬಿಸಿಲಿಗೆ ಹೊಳೆಯುವ ಹಳದಿ ಕಡಜ, ಒಂದೇ ದಾರಿ. ಅದು ಹಾರಿದಾಗೆಲ್ಲ ತೊಗರಕ್ಕ ಕೇರೆಹಾವು ನೋಡುತ್ತಿದೆಯೇ ಎಂದು ಸುತ್ತ ಇಣುಕುತ್ತಿದ್ದಳು.

ಮೂರನೆಯ ದಿನ ಅವಳು ಕೆಂಚಪ್ಪನ ಬಳಿಗೆ ಹೋದಳು.

“ಕೆಂಚಪ್ಪಣ್ಣ, ಕಡಜ ನನ್ನ ಮನೆ ದಾರಿಯನ್ನು ಕಾಡಿಗೆಲ್ಲ ತೋರಿಸುತ್ತಿದೆ. ಅದನ್ನು ವಾಪಸ್ ಕರೆಸಿಕೋ. ಆಗಲ್ಲ ಅಂದರೆ, ಬಳಸಿಕೊಂಡು ಹಾರಲಿಕ್ಕಾದರೂ ಹೇಳು.”

“ನಿನಗೊಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ, ತಂಗಿ,” ಎಂದ ಕೆಂಚಪ್ಪ. “ಕಡಜ ಬಳಸಿ ಬರುವಷ್ಟರಲ್ಲಿ ಕಳ್ಳ ಮಣೆ ಬಚ್ಚಿಟ್ಟಿರುತ್ತಾನೆ.”

“ನಾನು ಕಳ್ಳಿಯಾ ಅಣ್ಣ?”

ಕೆಂಚಪ್ಪ ಮುಖ ತಿರುಗಿಸಿದ. “ಹೋದ ವರ್ಷ ಕುಟ್ರನೂ ಹೀಗೇ ಅಣ್ಣ ಅಣ್ಣ ಅಂತ ಬಂದಿದ್ದ,” ಎಂದು ಮತ್ತೆ ಮರ ಕುಟ್ಟತೊಡಗಿದ.

ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಉರುಳುಮಣೆ ಹೊರಬಿದ್ದ ಎರಡನೆಯ ದಿನವೇ ಕುಟ್ರಹಕ್ಕಿ ಮುಳ್ಳುಹಂದಿಯ ಗುಹೆಯೊಳಗೆ ಇಣುಕಿ, ಮಣೆಯ ಪ್ರತಿ ಕಾಲುವೆಯನ್ನೂ ಕಣ್ಣಲ್ಲೇ ಅಳೆದುಕೊಂಡು ಹೋಗಿತ್ತು. ಅದು ಕೊರೆದ ಮಣೆಗಳಲ್ಲಿ ಕಾಲುವೆ, ಗುಳಿ ಎಲ್ಲವೂ ಇದ್ದವು. ಕಡಜದ ತೂತು ಮಾತ್ರ ಇರಲಿಲ್ಲ. ಅಳಿಲುಗಳು, ಮುಸುವಗಳು ಹಗಲೆಲ್ಲ ಆಡಿದವು. ಅವರ ಮನೆಗೆ ಯಾರೂ ಇಣುಕಲಿಲ್ಲ, ಯಾರ ಅಪ್ಪಣೆಗೂ ಅವರು ಕಾಯಲಿಲ್ಲ.

ತೊಗರಕ್ಕ ಮನೆಗೆ ಮರಳುವಾಗ ಕುಟ್ರಹಕ್ಕಿ ಕೊಂಬೆಯಿಂದ ಕೂಗಿತು: “ಯಾಕಕ್ಕ ಇಷ್ಟು ಕಷ್ಟ? ಆ ಮಣೆ ಎಸೆದು ನಂದೊಂದು ತಗೊಂಡು ಹೋಗು. ಪುಕ್ಕಟೆ ಕೊಡ್ತೀನಿ.”

ತೊಗರಕ್ಕ ಒಂದು ಗಳಿಗೆ ನಿಂತಳು. ಮನಸ್ಸು ಆ ಕಡೆ ಎಳೆಯಿತು, ಸುಳ್ಳು ಯಾಕೆ ಹೇಳಲಿ? ಆಮೇಲೆ ತಲೆಯಾಡಿಸಿದಳು.

“ಬೇಡಪ್ಪ. ಎರಡು ಕಾಲ ಹಸಿದು ಕೂತು ಅವನು ಮಾಡಿದ್ದು. ನೀನು ಮಾಡಿದ್ದು ತಪ್ಪು. ನಾನು ಕಡಜಕ್ಕೆ ಒಪ್ಪಿ ತಂದಿದ್ದೇನೆ, ಒಪ್ಪಿದ ಹಾಗೆ ಇರ್ತೀನಿ.”

ನೋಡಿ, ಎಷ್ಟು ನಿಯತ್ತಿನವಳು! ಕೆಂಚಪ್ಪ ಅನುಮಾನಪಟ್ಟದ್ದು ಇವಳ ಮೇಲೆ. ನನಗೆ ಈಗಲೂ ಸಿಟ್ಟು ಬರುವುದು ಇಲ್ಲೇ.

ಐದನೆಯ ದಿನ ಬಂಡೆಯ ಮೇಲೆ ಮೈಕಾಯಿಸುತ್ತ ಮಲಗಿದ್ದ ಕೇರೆಹಾವು ತಲೆಯೆತ್ತಿ ನೋಡಿತು. ಒಂದು ಹಳದಿ ಕಡಜ ಹಾರಿಹೋಯಿತು. ಸ್ವಲ್ಪ ಹೊತ್ತಿಗೆ ವಾಪಸ್ ಬಂತು, ನೆಲದೊಳಗೆ ಮಾಯವಾಯಿತು. ಮಧ್ಯಾಹ್ನ ಮತ್ತೆ ಹಾಗೇ ಆಯಿತು. ಕೇರೆಹಾವಿಗೆ ಹುಡುಕುವ ಕೆಲಸವೇ ಉಳಿಯಲಿಲ್ಲ. ಅದು ಸುಮ್ಮನೆ ಆ ಗೆರೆ ಹಿಡಿದು ಹರಿಯಿತು.

ಬಿಲದಲ್ಲಿ ಆಗ ಮಕ್ಕಳು ಮಾತ್ರ ಇದ್ದರು. ತೊಗರಕ್ಕ ಕಾಳು ಆರಿಸಲು ಹೋಗಿದ್ದಳು. ಕಡಜ ಅಪ್ಪಣೆ ತರಲು ಹಾರಿತ್ತು. ಅಂದು ಮೊದಲು ಆಡುವ ಸರದಿ ಎಳ್ಳುವಿನದು. ಕಡಜ ಯಾವಾಗ ಬರುತ್ತದೋ ಎಂದು ಅವಳು ಬಿಲದ ಬಾಯಲ್ಲೇ ಕುಳಿತು ಕಾಯುತ್ತಿದ್ದಳು. ಜೀರಿಗೆ, ಸಾಸಿವೆ ಒಳಗೆ ಮಣೆಯ ಪಕ್ಕ ಕುಳಿತಿದ್ದರು. ಬಿಲದ ಬಾಯಲ್ಲಿ ನೆರಳು ಬಿದ್ದಾಗ ಅವರಿಬ್ಬರೂ ಹಿಂಬಾಗಿಲಿನಿಂದ ಓಡಿದರು. ಎಳ್ಳುವಿಗೆ ಓಡಲು ಸಮಯವಿರಲಿಲ್ಲ.

ತೊಗರಕ್ಕ ಬಂಡೆ ಸುತ್ತಿ, ಪೊದೆ ಸುತ್ತಿ ಮನೆಗೆ ಬಂದಾಗ ಬಿಲದ ಬಾಯಿ ಅಗಲವಾಗಿತ್ತು. ಮಣೆ ಬೋರಲು ಬಿದ್ದಿತ್ತು. ಮಲಗುವ ಹುಲ್ಲು ಚೆಲ್ಲಾಪಿಲ್ಲಿಯಾಗಿತ್ತು. “ಎಳ್ಳೂ! ಜೀರಿಗೇ! ಸಾಸಿವೇ!” ಎಂದು ಅವಳು ಕೂಗಿದಳು. ಹಿಂಬಾಗಿಲಿನಿಂದ ಇಬ್ಬರು ನಡುಗುತ್ತ ಬಂದರು. ಮೂರನೆಯವಳು ಬರಲಿಲ್ಲ.

ಆ ಹೊತ್ತಿಗೆ ಕಡಜ ಬುರ್ರನೆ ಒಳಗೆ ಬಂತು. ಯಾವಾಗಿನಂತೆ ಮಣೆಯ ಅಂಚಿನ ಮೇಲೆ ಕೂತು ಹೇಳಿತು:

“ಅಪ್ಪಣೆಯಾಗಿದೆ. ಇನ್ನು ಆಡಬಹುದು.”

ತೊಗರಕ್ಕ ಇಬ್ಬರು ಮಕ್ಕಳನ್ನು ಮುಂದೆ ಬಿಟ್ಟುಕೊಂಡು, ಮಣೆಯನ್ನು ಎಳೆಯುತ್ತ, ಬಯಲಿನ ನಡುವೆಯೇ ಮತ್ತಿಮರದ ಕಡೆಗೆ ನಡೆದಳು. ಬಳಸಿ ಹೋಗಲಿಲ್ಲ. ನೋಡಿದವರೆಲ್ಲ ಏನೋ ಆಗಿದೆಯೆಂದು ಹಿಂದೆ ಹಿಂದೆ ಬಂದರು.

ಮರದ ಬುಡದಲ್ಲಿ ಮಣೆ ಇಟ್ಟು ಅವಳು ನಡೆದದ್ದನ್ನು ಹೇಳಿದಳು. ಕೆಂಚಪ್ಪ ಕೊಂಬೆಯಿಂದ ಕೆಳಗೆ ಇಳಿದು ಬಂದ.

“ತಂಗಿ, ನಾನು ಕಡಜ ಇಟ್ಟದ್ದು ಕಳ್ಳನಿಗಾಗಿ...”

“ಕಳ್ಳನ ಮನೆಗೆ ನಿನ್ನ ಕಡಜ ಒಂದು ದಿನವೂ ಹೋಗಲಿಲ್ಲ, ಅಣ್ಣ,” ಎಂದಳು ತೊಗರಕ್ಕ. “ಅದು ಬಂದದ್ದು ನನ್ನ ಮನೆಗೆ.”

ಆಮೆಯಜ್ಜ ಮೆಲ್ಲಗೆ ತಲೆಯನ್ನು ಒಳಗೆ ಎಳೆದುಕೊಂಡ. ಕುಟ್ರಹಕ್ಕಿಯೂ ಎಲೆಗಳ ಮರೆಯಲ್ಲಿ ಮುದುರಿ ಕೂತಿತ್ತು. ತಾನು ಕದಿಯದಿದ್ದರೆ ಈ ಕಡಜವೇ ಇರುತ್ತಿರಲಿಲ್ಲ ಎಂದು ಅದಕ್ಕೂ ಗೊತ್ತಿತ್ತು.

“ನಾನೀಗ ಏನು ಮಾಡಲಿ, ಹೇಳು. ಏನು ಬೇಕಾದರೂ ಮಾಡುತ್ತೇನೆ,” ಎಂದ ಕೆಂಚಪ್ಪ.

“ನನಗೇನೂ ಬೇಡ. ಮಣೆ ತಗೊಂಡ ಉಳಿದ ಆರು ಮನೆಗಳ ಕಡಜಗಳನ್ನು ಕರೆಸಿಕೋ. ಇವತ್ತೇ. ಅವರಲ್ಲಿ ಗೌಜಲಕ್ಕಿ ನೆಲದ ಗೂಡಲ್ಲಿ ಮೊಟ್ಟೆಯಿಟ್ಟು ಕೂತಿದ್ದಾಳೆ.”

ಕೆಂಚಪ್ಪ ಹಾರಿ ಮರದ ತುದಿಗೆ ಹೋಗಿ, ಕಡಜಗಳನ್ನು ಒಟ್ಟಿಗೆ ಕರೆಯುವಂತೆ ಬಿಡದೆ ಕುಟ್ಟಿದ. ಒಂದೊಂದಾಗಿ ಕಡಜಗಳು ಎದ್ದವು. ಬಿದಿರುಮೆಳೆಯ ಬುಡದಿಂದ ಒಂದು, ಹುತ್ತದ ಪಕ್ಕದಿಂದ ಒಂದು, ಮುಳ್ಳುಹಂದಿಯ ಗುಹೆಯಿಂದ ಒಂದು, ಒಣಹುಲ್ಲಿನ ನಡುವಿನ ಗೌಜಲಕ್ಕಿಯ ಗೂಡಿನಿಂದ ಒಂದು. ಆರೂ ನೆಟ್ಟಗೆ ಮತ್ತಿಮರಕ್ಕೆ ಬಂದವು.

ಮಡುವಿನ ಸುತ್ತ ನಿಂತವರೆಲ್ಲ ತಲೆಯೆತ್ತಿ ನೋಡಿದರು. ಯಾರ ಮನೆ ಎಲ್ಲಿದೆಯೆಂದು ಇಡೀ ಕಾಡಿಗೆ ಕಾಣಿಸಿಬಿಟ್ಟಿತ್ತು. ಮೇಲೆ ಗಿಡುಗ ಒಂದು ಸುತ್ತು ಹಾಕಿತು. ಬಂಡೆಯ ಮೇಲೆ ಹೊಟ್ಟೆ ತುಂಬಿದ ಕೇರೆಹಾವು ಕೂಡ ನೋಡಿತು.

ಅದೇ ಸಂಜೆ ಹುಳು ಕೊಟ್ಟು ಮಣೆ ತಂದವರೆಲ್ಲ ಮರಿಗಳನ್ನು ಕಟ್ಟಿಕೊಂಡು, ಹುಟ್ಟಿ ಬೆಳೆದ ಮನೆ ಬಿಟ್ಟು ಹೊರಟರು. ಮುಳ್ಳುಹಂದಿ ತನ್ನ ಗುಹೆಯ ಬಾಯನ್ನು ಎರಡು ಸಲ ತಿರುಗಿ ನೋಡಿತು. ತೊಗರಕ್ಕ ಎರಡು ಮಕ್ಕಳೊಂದಿಗೆ ಗುಡ್ಡದ ಆಚೆಗೆ ಹೋದಳು. ಮತ್ತೆ ಜಾಲಿಮಡುವಿನ ಕಡೆ ಅವಳು ಬರಲಿಲ್ಲ. ಕದ್ದ ಮಣೆಯಲ್ಲಿ ಆಡುತ್ತಿದ್ದ ಅಳಿಲು, ಮುಸುವಗಳು ಮಾತ್ರ ತಮ್ಮ ತಮ್ಮ ಮನೆಯಲ್ಲೇ ಇದ್ದವು.

ಉಳಿದವಳು ಗೌಜಲಕ್ಕಿ. ಮೊಟ್ಟೆಗಳನ್ನು ಹೊತ್ತುಕೊಂಡು ಅವಳೆಲ್ಲಿಗೆ ಹೋಗಬೇಕು? ಒಣಹುಲ್ಲನ್ನು ಮೈಮೇಲೆ ಎಳೆದುಕೊಂಡು ಅವಳು ಅಲುಗದೆ ಕುಳಿತಿದ್ದಳು. ಕೆಂಚಪ್ಪ ಹತ್ತಿರದ ಕೊಂಬೆಗೆ ಬಂದು ಕೂತ.

“ಮರಿ ಹೊರಬರುವ ತನಕ ನಾನೇ ಇಲ್ಲಿ ಕಾವಲಿರುತ್ತೇನಮ್ಮ. ಹಗಲೂ ಇರುಳೂ ಇರುತ್ತೇನೆ.”

ಗೌಜಲಕ್ಕಿ ತಲೆಯೆತ್ತದೆ ಮೆಲ್ಲಗೆ ಹೇಳಿದಳು: “ಬೇಡಣ್ಣ. ದೂರ ಹೋಗು. ನೀನು ಇಲ್ಲಿ ಕೂತರೆ ಇಲ್ಲೇನೋ ಇದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ.”

ಕೆಂಚಪ್ಪ ಎದ್ದು, ಗೂಡಿಗೆ ಬೆನ್ನು ಹಾಕಿ, ಬಂಡೆಯನ್ನೂ ಪೊದೆಯನ್ನೂ ಬಳಸಿಕೊಂಡು ದೂರ ಹಾರಿಹೋದ.

ನೀತಿ: ಕಳ್ಳನ ಮೇಲಿನ ಸಿಟ್ಟಿನಿಂದ ನಂಬಿ ಬಂದವರ ಮನೆಯೊಳಗೆ ಕಾವಲು ಇಡಬಾರದು, ಅದರಿಂದ ಕಳ್ಳನಿಗೆ ಏನೂ ಆಗುವುದಿಲ್ಲ, ಕೇಡು ಬರುವುದು ನಂಬಿದವರಿಗೆ.